ಹುದ್ದೆಯಿಲ್ಲದವರ ಸಮಾನತೆ

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರಲ್ಲಿ ವಯಸ್ಕರ ಶಿಕ್ಷಣಕ್ಕೆಂದು ಮೀಸಲಾದದ್ದು ಒಂದೇ ಕಲಂ, 18ನೆಯದು. ಅದೂ ಒಂದೇ ವಾಕ್ಯ. ವಯಸ್ಕರ ಶಿಕ್ಷಣದಲ್ಲೂ ಮುಂದುವರಿಕೆ ಶಿಕ್ಷಣದಲ್ಲೂ ಅಂಗವಿಕಲರು ಉಳಿದವರಿಗೆ ಸಮನಾಗಿ ಭಾಗವಹಿಸುವಂತೆ ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳು ನೋಡಿಕೊಳ್ಳಬೇಕು ಎನ್ನುತ್ತದೆ ಅದು. ಓದಿದವರಿಗೆ ಕಣ್ಣ ಮುಂದೆ ಬರುವುದು ಸ್ಲೇಟು ಹಿಡಿದು ಕೂತ ಕಲಿಕಾರ್ಥಿ. ಸ್ಲೇಟಿನ ಆಚೆ ನಿಂತು ಕಲಿಸುವವರೂ ಅಂಗವಿಕಲರಾಗಿರಬಹುದು ಎಂಬ ಯೋಚನೆ ಆ ವಾಕ್ಯದಲ್ಲಿ ಇಲ್ಲ. ಅದರ ಹಿಂದಿನ 17ನೆಯ ಕಲಮಿನಲ್ಲಿ, ಬ್ರೈಲ್ ಮತ್ತು ಸಂಜ್ಞಾಭಾಷೆ ಬಲ್ಲ ಅಂಗವಿಕಲ ಶಿಕ್ಷಕರನ್ನೂ ತರಬೇತುಗೊಳಿಸಿ ನೇಮಿಸಬೇಕು ಎಂಬ ಮಾತಿದೆ. ಆದರೆ ಅದರ ನೋಟವೆಲ್ಲ ಶಾಲೆಯ ಕಡೆಗೆ. ಮುಂದಿನ ಅಧ್ಯಾಯದ 20ನೆಯ ಕಲಂ ಉದ್ಯೋಗದಲ್ಲಿ ತಾರತಮ್ಯ ಕೂಡದು ಎನ್ನುತ್ತದೆ. ಅದರ ನೋಟವೆಲ್ಲ ನೌಕರರ ಕಡೆಗೆ. ಸಂಜೆ ಏಳರ ಮೇಲೆ ಶಾಲೆಯ ಜಗಲಿಯಲ್ಲೋ ಸಮುದಾಯ ಭವನದಲ್ಲೋ ದೊಡ್ಡವರಿಗೆ ಅಕ್ಷರ ಹೇಳಿಕೊಡುವ, ತಾವೇ ಅಂಗವಿಕಲರಾದ ಹೆಣ್ಣು ಗಂಡುಗಳು ಈ ಎರಡು ನೋಟಗಳ ನಡುವೆ ಬಿಟ್ಟುಹೋಗಿದ್ದಾರೆ.

ಈ ಪ್ರಶ್ನೆಯನ್ನು ಕ್ಯಾತ್ಸಂದ್ರದಲ್ಲಿ ನಿಂತು ನೋಡುವುದಕ್ಕೆ ಕಾರಣವಿದೆ. ತುಮಕೂರು ಮಹಾನಗರ ಪಾಲಿಕೆಯೊಳಗಿನ ಈ ಊರಿನ ಬದಿಗೇ ಸಿದ್ಧಗಂಗಾ ಮಠ. ಉಣ್ಣಲು ಉಡಲು ಇಲ್ಲದ ಮಕ್ಕಳಿಗೆ ಅನ್ನದ ಜೊತೆ ಅಕ್ಷರ ಕೊಟ್ಟ ಜಾಗ ಅದು. 2019ರ ಜನವರಿಯಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರ ಕಾಲದಲ್ಲಿ ಆ ಕೆಲಸ ನಾಡಿಗೇ ಮಾದರಿಯಾಯಿತು. ಮಠದ ಸಂಸ್ಥೆಗಳಲ್ಲಿ ಅಂಧ ಮಕ್ಕಳ ಶಾಲೆಯೂ ಉಂಟು. 1963ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು, 2004ರಲ್ಲಿ ತುಮಕೂರಿಗೆ ವಿಶ್ವವಿದ್ಯಾಲಯವೇ ಬಂತು. ಇಷ್ಟಾದರೂ 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ 75.14, ಹೆಂಗಸರದು ಶೇ 67.38. ಏಳು ವರ್ಷ ದಾಟಿದ ಮೂವರು ಹೆಂಗಸರಲ್ಲಿ ಒಬ್ಬರಿಗೆ ಓದಲು ಬಾರದು. ಅದೇ ಗಣತಿಯಂತೆ ರಾಜ್ಯದಲ್ಲಿ ಅಂಗವಿಕಲರು 13 ಲಕ್ಷಕ್ಕೂ ಹೆಚ್ಚು, ದೇಶದ ಅಂಗವಿಕಲರಲ್ಲಿ ಶೇ 45ರಷ್ಟು ಮಂದಿ ಅನಕ್ಷರಸ್ಥರು. ಮಕ್ಕಳ ಶಾಲೆ ಎಷ್ಟೇ ಗಟ್ಟಿಯಾಗಿದ್ದರೂ ಶಾಲೆಯ ವಯಸ್ಸು ದಾಟಿಹೋದವರು ಪ್ರತಿ ಕೇರಿಯಲ್ಲೂ ಉಳಿದಿದ್ದಾರೆ. ಗುಬ್ಬಿ, ಕುಣಿಗಲ್ ಸೀಮೆಯ ಹಳ್ಳಿಗಳಲ್ಲಿ ಇನ್ನೂ ಹೆಚ್ಚು. ಓದು ಕಲಿತ ಅಂಗವಿಕಲ ಯುವಕ ಯುವತಿಯರೂ ಅದೇ ಕೇರಿಗಳಲ್ಲಿದ್ದಾರೆ. ಕಲಿಸಬಲ್ಲವರೂ ಕಲಿಯಬೇಕಾದವರೂ ಒಂದೇ ಊರಲ್ಲಿರುವಾಗ ಇಬ್ಬರನ್ನೂ ಸೇರಿಸುವ ಕೆಲಸವೊಂದು ಇರಬೇಕಿತ್ತಲ್ಲ, ಅದು ಕೆಲಸವಾಗಿ ಬೆಳೆಯಲೇ ಇಲ್ಲ.

ಏಕೆ ಬೆಳೆಯಲಿಲ್ಲ ಎಂಬುದು ಯೋಜನೆಗಳ ಚರಿತ್ರೆಯಲ್ಲಿದೆ. 1978ರ ಅಕ್ಟೋಬರ್ 2ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಶುರುವಾದಾಗ ಬೋಧಕರಿಗೆ ತಿಂಗಳಿಗೆ 50 ರೂಪಾಯಿ ಗೌರವಧನ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಬಂತು. ಎರ್ನಾಕುಲಂ ಜಿಲ್ಲೆ 1990ರಲ್ಲಿ ಸಂಪೂರ್ಣ ಸಾಕ್ಷರವಾದ ಮೇಲೆ ಆಂದೋಲನದ ಮಾದರಿ ಎಲ್ಲೆಡೆ ಹಬ್ಬಿತು, ಜಾಥಾ ಮತ್ತು ಬೀದಿನಾಟಕಗಳ ಆ ಹುರುಪಿನಲ್ಲಿ ಕಲಿಸುವವರು ಬಿಡಿಗಾಸೂ ಪಡೆಯದೆ ದುಡಿದರು. 2009ರ ಸೆಪ್ಟೆಂಬರ್ 8ರಂದು ಸಾಕ್ಷರ ಭಾರತ ಆರಂಭವಾಯಿತು. ಯೋಜನೆಗೆ ಸೇರಿದ ಜಿಲ್ಲೆಗಳಲ್ಲಿ ಗ್ರಾಮ ಪಂಚಾಯಿತಿಗೊಂದು ಲೋಕ ಶಿಕ್ಷಣ ಕೇಂದ್ರ, ಅಲ್ಲಿಗೆ ಇಬ್ಬರು ಪ್ರೇರಕರು, ತಲಾ 2,000 ರೂಪಾಯಿ. ಕನಿಷ್ಠ ಕೂಲಿಯ ಹತ್ತಿರಕ್ಕೂ ಬಾರದ ಮೊತ್ತವಾದರೂ ಕೇಂದ್ರಕ್ಕೊಂದು ಬಾಗಿಲು, ಪ್ರೇರಕರಿಗೊಂದು ಹಾಜರಿ ಪುಸ್ತಕ ಅಂತ ಆಗಿತ್ತು. 2018ರ ಮಾರ್ಚ್ 31ಕ್ಕೆ ಯೋಜನೆಯೇ ಮುಗಿಯಿತು. ಪ್ರೇರಕರು ಮನೆಗೆ ಹೋದರು. ಈಗ ನಡೆಯುತ್ತಿರುವ ಉಲ್ಲಾಸ್, ಅಂದರೆ ನವ ಭಾರತ ಸಾಕ್ಷರತಾ ಕಾರ್ಯಕ್ರಮ, 2022ರಿಂದ 2027ರವರೆಗಿನದು. ಅದರ ಬುನಾದಿಯೇ ಸ್ವಯಂಸೇವೆ. ಕಲಿಸುವವರಿಗೆ ಗೌರವಧನವೂ ಇಲ್ಲ.

ಐವತ್ತು ರೂಪಾಯಿಯಿಂದ ಸೊನ್ನೆಗೆ, ಸೊನ್ನೆಯಿಂದ ಎರಡು ಸಾವಿರಕ್ಕೆ, ಮತ್ತೆ ಸೊನ್ನೆಗೆ. ನಾಲ್ಕು ದಶಕದ ಈ ಏರಿಳಿತದಲ್ಲಿ ಒಂದು ಸಂಗತಿ ಮಾತ್ರ ಬದಲಾಗಲಿಲ್ಲ: ದೊಡ್ಡವರಿಗೆ ಅಕ್ಷರ ಕಲಿಸುವುದು ಯಾವತ್ತೂ ಹುದ್ದೆ ಆಗಲಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಶ್ನೆಯ ಗಂಟು ಇರುವುದು ಇಲ್ಲಿ. ಅಂಗವಿಕಲ ನೌಕರರ ಸಮಾನತೆಗೆಂದು ಕಾನೂನು ಕೊಟ್ಟಿರುವ ಪ್ರತಿ ಹಿಡಿಕೆಯೂ ಹುದ್ದೆಗೆ ಅಂಟಿಕೊಂಡಿದೆ. ಹುದ್ದೆ ಇಲ್ಲದಲ್ಲಿ ಹಿಡಿಯಲು ಏನೂ ಇಲ್ಲ.

ಆ ಹಿಡಿಕೆಗಳು ಸಣ್ಣವಲ್ಲ. 1995ರ ಕಾನೂನು ಶೇ 3 ಮೀಸಲಾತಿ ಕೊಟ್ಟಿತ್ತು, 2016ರದು ಅದನ್ನು ಶೇ 4ಕ್ಕೆ ಏರಿಸಿತು. ಕರ್ನಾಟಕದಲ್ಲಿ ನೇರ ನೇಮಕಾತಿಯ ಎ ಮತ್ತು ಬಿ ವೃಂದಗಳಿಗೆ ಶೇ 4, ಸಿ ಮತ್ತು ಡಿ ವೃಂದಗಳಿಗೆ ಶೇ 5. ಬಡ್ತಿಯಲ್ಲೂ ಮೀಸಲಾತಿ ಸಲ್ಲುತ್ತದೆ ಎಂಬುದು ಸುಪ್ರೀಂ ಕೋರ್ಟಿನಲ್ಲಿ ಗಟ್ಟಿಯಾದದ್ದು ನಮ್ಮದೇ ರಾಜ್ಯದ ಮೊಕದ್ದಮೆಯಿಂದ. ಸಿದ್ದರಾಜು ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ 2020ರ ಜನವರಿಯಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು, 2021ರ ಸೆಪ್ಟೆಂಬರಿನಲ್ಲಿ ನಾಲ್ಕು ತಿಂಗಳೊಳಗೆ ಸೂಚನೆಗಳನ್ನು ಹೊರಡಿಸಿ ಎಂದು ಕೇಂದ್ರಕ್ಕೆ ಹೇಳಿತು. ಸೇವೆಯಲ್ಲಿರುವಾಗ ಕಣ್ಣೋ ಕಾಲೋ ಹೋದ ಸರ್ಕಾರಿ ನೌಕರನನ್ನು ತೆಗೆದುಹಾಕುವಂತಿಲ್ಲ, ಕೆಳಗಿಳಿಸುವಂತಿಲ್ಲ. ಆ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಹುದ್ದೆಗೆ ಹಾಕಬೇಕು. ಕೆಲಸದ ಜಾಗವನ್ನೂ ಸಲಕರಣೆಯನ್ನೂ ಅವರವರ ಅಗತ್ಯಕ್ಕೆ ಹೊಂದಿಸಿಕೊಡಬೇಕು. ಇಂಥ ಹೊಂದಾಣಿಕೆ ದಯೆಯಲ್ಲ, ಸಮಾನತೆಯದೇ ಭಾಗ ಎಂದು ವಿಕಾಸ್ ಕುಮಾರ್ ಪ್ರಕರಣದಲ್ಲಿ 2021ರಲ್ಲಿ ಸುಪ್ರೀಂ ಕೋರ್ಟು ವಿಸ್ತಾರವಾಗಿ ಬರೆಯಿತು. 2025ರ ಮಾರ್ಚಿನಲ್ಲಿ, ಕಣ್ಣು ಕಾಣದವರನ್ನು ನ್ಯಾಯಾಧೀಶರ ಹುದ್ದೆಯಿಂದ ಹೊರಗಿಡುವಂತಿಲ್ಲ ಎಂಬ ತೀರ್ಪೂ ಬಂತು. ತೀರ್ಪು ಬರೆಯಬಲ್ಲವರು ಅ ಆ ಇ ಈ ಕಲಿಸಲಾರರೆಂದು ಇನ್ನು ಯಾರೂ ಹೇಳುವಂತಿಲ್ಲ.

ಹೇಳಬೇಕಾಗಿಯೂ ಇಲ್ಲ ಅನ್ನುವುದೇ ದುಃಖ. ಸ್ವಯಂಸೇವಕರಿಗೆ ಮೀಸಲಾತಿ ಇಲ್ಲ, ಬಡ್ತಿ ಇಲ್ಲ, ವಾಹನ ಭತ್ಯೆ ಇಲ್ಲ, ದೂರು ಕೇಳುವ ಅಧಿಕಾರಿ ಇಲ್ಲ. ತರಗತಿ ನಡೆಸುವಾಗ ಬಿದ್ದು ಸೊಂಟ ಮುರಿದರೆ ಉಳಿಸಿಕೊಳ್ಳಬೇಕಾದ ಕೆಲಸವೂ ಇಲ್ಲ. ಸಕಲಾಂಗ ಸ್ವಯಂಸೇವಕರಿಗೂ ಇವಿಲ್ಲವಲ್ಲ ಎನ್ನಬಹುದು. ನಿಜ. ಆದರೆ ಎಲ್ಲರಿಗೂ ಏನೂ ಇಲ್ಲದ ಕಡೆ ಏಟು ಎಲ್ಲರಿಗೂ ಸಮನಾಗಿ ಬೀಳುವುದಿಲ್ಲ. ಸೈಕಲ್ಲಿನಲ್ಲಿ ಬರುವವರಿಗೆ ತರಗತಿಯ ಖರ್ಚು ಶೂನ್ಯ, ಗಾಲಿಕುರ್ಚಿಯಲ್ಲಿ ಬರುವವರಿಗೆ ದಿನವೂ ಆಟೊ ಬಾಡಿಗೆ. ಅಂಗವಿಕಲರಿಗೆ ವಾಸಸ್ಥಳದಿಂದ 100 ಕಿಲೋಮೀಟರ್ ವರೆಗೆ ಕೆಎಸ್‌ಆರ್‌ಟಿಸಿ ರಿಯಾಯಿತಿ ಪಾಸು ಇದೆ, ಗುಬ್ಬಿಯಿಂದಲೋ ಕುಣಿಗಲ್ಲಿನಿಂದಲೋ ತುಮಕೂರಿಗೆ ಹಗಲು ಬಂದುಹೋಗಲು ಅದು ದೊಡ್ಡ ಆಸರೆ. ವಯಸ್ಕರ ತರಗತಿ ಮುಗಿಯುವುದು ರಾತ್ರಿ ಒಂಬತ್ತಕ್ಕೆ, ಹೊಲ ಮನೆ ಕೂಲಿ ಎಲ್ಲ ಮುಗಿದ ಮೇಲೆ. ಆ ಹೊತ್ತಿಗೆ ಹಳ್ಳಿಯಲ್ಲಿ ಪಾಸು ತೋರಿಸಲು ಬಸ್ಸೆಲ್ಲಿದೆ? ಕ್ಯಾತ್ಸಂದ್ರದಲ್ಲೇ ನೋಡಿ. ಬೆಂಗಳೂರಿನ ಹೆದ್ದಾರಿ ಒಂದು ಕಡೆ, ರೈಲು ಹಳಿ ಇನ್ನೊಂದು ಕಡೆ. ಕೋಲೂರಿ ನಡೆಯುವ ಒಬ್ಬ ಹೆಂಗಸು ಕತ್ತಲಲ್ಲಿ ಇವನ್ನು ದಾಟಿ ತರಗತಿಗೆ ಹೋಗಿ ಬರಬೇಕಾದರೆ ಸಮಾನತೆಯ ಮಾತು ಮೊದಲು ರಸ್ತೆಯ ಮಾತಾಗುತ್ತದೆ.

ಹುದ್ದೆ ಇರುವವರ ಕಥೆ ಬೇರೆ. ಲೋಕ ಶಿಕ್ಷಣ ಇಲಾಖೆಯ ಅಧಿಕಾರಿಗಳು, ನಿಯೋಜನೆಯ ಮೇಲೆ ಬಂದ ಶಿಕ್ಷಕರು, 1996ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಅಧ್ಯಾಪಕರು, ಸಂಜೆ ಕಾಲೇಜುಗಳ ಉಪನ್ಯಾಸಕರು ಇವರೆಲ್ಲ ದೊಡ್ಡವರಿಗೇ ಕಲಿಸುವವರು, ಮತ್ತು ಕಾನೂನಿನ ಆಶ್ರಯ ಉಳ್ಳವರು. ಖಾಸಗಿ ಕಾಲೇಜು, ಟ್ರಸ್ಟು, ಸೊಸೈಟಿಗಳೂ ಕಾನೂನಿನ ಕಣ್ಣಲ್ಲಿ ಸಂಸ್ಥೆಗಳೇ. ಇಪ್ಪತ್ತು ಅಥವಾ ಹೆಚ್ಚು ಜನ ದುಡಿಯುವ ಖಾಸಗಿ ಸಂಸ್ಥೆ, ಅಂಗವಿಕಲ ನೌಕರರಿಗೆ ತಾನು ಏನೇನು ಅನುಕೂಲ ಮಾಡುತ್ತೇನೆಂದು ವಿವರಿಸುವ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಲೇಬೇಕು. ತುಮಕೂರಿನಂಥ ಕಾಲೇಜುಗಳ ಊರಿನಲ್ಲಿ ಈ ನೀತಿಪತ್ರ ಪ್ರತಿ ಸಂಸ್ಥೆಯ ಸೂಚನಾ ಫಲಕದಲ್ಲೂ ಜಾಲತಾಣದಲ್ಲೂ ಎದ್ದು ಕಾಣಬೇಕು. ಕೆಲಸಕ್ಕೆ ಅರ್ಜಿ ಹಾಕುವ ಅಂಗವಿಕಲ ಪದವೀಧರರು ಮೊದಲು ಕೇಳಬೇಕಾದ ಕಾಗದ ಅದು.

ಇಲ್ಲಿ ಹೆಚ್ಚು ಕಾಡುವುದು ಕಣ್ಣಿಗೆ ಕಾಣದ ಅಂಗವೈಕಲ್ಯ. 2016ರ ಕಾನೂನು ಅಂಗವೈಕಲ್ಯದ ಬಗೆಗಳನ್ನು 21ಕ್ಕೆ ವಿಸ್ತರಿಸಿತು. ಮಾನಸಿಕ ಅನಾರೋಗ್ಯ ಮೊದಲೇ ಪಟ್ಟಿಯಲ್ಲಿತ್ತು, ಈಗ ಪಾರ್ಕಿನ್ಸನ್, ಕಲಿಕೆಯ ತೊಂದರೆ, ಕುಡಗೋಲುಕಣ ರೋಗ ಎಲ್ಲ ಒಳಗೆ ಬಂದವು. ಬಂದರೇನು, ಹೇಳಿಕೊಳ್ಳುವವರು ಎಷ್ಟು ಜನ? ಕಿವಿ ಮಂದವಾಗುತ್ತಿರುವ ಉಪನ್ಯಾಸಕರು ಮೊದಲ ಬೆಂಚಿನವರ ತುಟಿ ನೋಡಿ ಸಂಭಾಳಿಸುತ್ತಾರೆ. ಖಿನ್ನತೆಗೆ ಮಾತ್ರೆ ನುಂಗುವವರು ರಜೆಯ ಅರ್ಜಿಯಲ್ಲಿ ಜ್ವರ ಎಂದು ಬರೆಯುತ್ತಾರೆ. ಗುತ್ತಿಗೆಯ ಮೇಲಿರುವ ಅತಿಥಿ ಉಪನ್ಯಾಸಕರಂತೂ ಬಾಯಿ ಬಿಡುವ ಮಾತೇ ಇಲ್ಲ, ಮುಂದಿನ ವರ್ಷ ಕರೆಯದಿದ್ದರೆ ಕಾರಣ ಕೇಳುವಂತಿಲ್ಲವಲ್ಲ. ಈ ಹೆದರಿಕೆ ನಮ್ಮದಷ್ಟೇ ಅಲ್ಲ. ಬ್ರಿಟನ್ನಿನ ವಯಸ್ಕರ ಶಿಕ್ಷಣದ ರಾಷ್ಟ್ರೀಯ ಸಂಸ್ಥೆ ನಿಯಾಸ್, ಜೀವನಪರ್ಯಂತ ಕಲಿಕೆಯ ಕ್ಷೇತ್ರದಲ್ಲಿ ದುಡಿಯುವ ಅಂಗವಿಕಲ ಸಿಬ್ಬಂದಿಯ ಸ್ಥಿತಿ ಅರಿಯಲು ಒಂದು ಆಯೋಗವನ್ನೇ ನೇಮಿಸಿತ್ತು. 2008ರಲ್ಲಿ ಬಂದ ಅದರ ವರದಿ, ನಿಯಮ ಪಾಲಿಸಿದರೆ ಸಾಲದು, ಸಂಸ್ಥೆಯ ಸಂಸ್ಕೃತಿಯೇ ಬದಲಾಗಬೇಕು ಎಂದಿತು. ತಮ್ಮ ಅಂಗವೈಕಲ್ಯವನ್ನು ಹೇಳಿಕೊಳ್ಳಲು ಸಿಬ್ಬಂದಿ ಅಂಜುತ್ತಾರೆ ಎಂಬುದು ಅದು ಎತ್ತಿದ ಮುಖ್ಯ ಸಂಗತಿ. ಅಷ್ಟು ಕಾನೂನುಬಲವಿದ್ದ ದೇಶದಲ್ಲೇ ಹಾಗಿದ್ದರೆ ಗೌರವಧನದ ಮೇಲೆ ನಿಂತವರು ಇಲ್ಲಿ ಬಾಯಿ ಬಿಡುವುದು ಹೇಗೆ?

ಇನ್ನು ತರಗತಿಯ ಒಳಗೆ ಬರೋಣ. ಸಾಕ್ಷರತಾ ಮಿಷನ್ನಿನ ಕಾಲದಿಂದ ಬಂದ ಕಲಿಕೆಯ ವಿಧಾನ ಚಿತ್ರದಿಂದ ಪದಕ್ಕೆ, ಪದದಿಂದ ಅಕ್ಷರಕ್ಕೆ ಹೋಗುವಂಥದ್ದು. ನಮ್ಮ ರಾಜ್ಯದ 'ಬಾಳಿಗೆ ಬೆಳಕು' ಪ್ರೈಮರು ಹಿಡಿದು ಕಲಿತವರಿಗೆ ಗೊತ್ತು, ಮೊದಲು ಚಿತ್ರ ನೋಡಿ ಮಾತಾಡಬೇಕು, ಆಮೇಲೆ ಅಕ್ಷರ. ಕಣ್ಣು ಕಾಣದ ಬೋಧಕಿಗೆ ಇಲ್ಲಿ ಬೇಕಾದದ್ದು ಎರಡೇ: ಪ್ರೈಮರಿನ ಬ್ರೈಲ್ ಪ್ರತಿ ಮತ್ತು ಪ್ರತಿ ಚಿತ್ರಕ್ಕೊಂದು ಬರಹದ ವಿವರಣೆ. ಭಾರತೀಯ ಭಾಷೆಗಳಿಗೆ ಒಂದೇ ಭಾರತಿ ಬ್ರೈಲ್ 1951ರಲ್ಲೇ ರೂಪುಗೊಂಡಿದೆ, ಮೈಸೂರಿನಲ್ಲಿ ಸರ್ಕಾರಿ ಬ್ರೈಲ್ ಮುದ್ರಣಾಲಯವಿದೆ, ಎನ್‌ವಿಡಿಎ ಎಂಬ ಪರದೆ ಓದುವ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಕನ್ನಡವನ್ನೂ ಓದಿ ಹೇಳುತ್ತದೆ. ಸಾಮಾನ್ಯ ಮೊಬೈಲು ಕೂಡ ಈಗ ಕನ್ನಡ ಓದುತ್ತದೆ. ಬರೆಯುವುದನ್ನು ತಿದ್ದಲು ತಟ್ಟೆಯ ಮೇಲೆ ಮರಳು ಹರವಿದರೆ ಸಾಕು, ಕಲಿಯುವವರ ಬೆರಳು ಹೋದ ದಾರಿಯನ್ನು ಕಲಿಸುವವರ ಬೆರಳು ಓದುತ್ತದೆ. ಮರಳಿನಲ್ಲಿ ತಿದ್ದಿಸುವುದು ನಮ್ಮ ಕೂಲಿಮಠಗಳು ಬಲ್ಲ ಪಾಠವೇ ತಾನೆ.

ಕಿವುಡ ಬೋಧಕರದು ಇನ್ನೊಂದು ಪ್ರಶ್ನೆ. ಕಿವಿ ಕೇಳುವವರ ತರಗತಿಯಲ್ಲಿ ಅವರಿಗೆ ದುಭಾಷಿ ಬೇಕಾಗುತ್ತದೆ. ಸಂಜ್ಞಾಭಾಷೆಯನ್ನೂ ಕಲಿಯದೆ ನಡುವಯಸ್ಸಿಗೆ ಬಂದ ಕಿವುಡರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಮನೆಯವರ ಕೈಸನ್ನೆಯೇ ಅವರ ಪೂರ್ತಿ ಭಾಷೆ. ಅವರಿಗೆ ಅಕ್ಷರ ತಲುಪಿಸಲು ಕಿವುಡ ಶಿಕ್ಷಕರಿಗಿಂತ ಸಮರ್ಥರು ಯಾರೂ ಇಲ್ಲ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 24ನೆಯ ವಿಧಿಯಲ್ಲಿ, ಅಂಗವಿಕಲ ಶಿಕ್ಷಕರನ್ನು ನೇಮಿಸಿ ಎಂಬ ಮಾತಿನ ಮರುಪರಿಚ್ಛೇದದಲ್ಲೇ ವಯಸ್ಕರ ಶಿಕ್ಷಣದ ಮಾತು ಬರುತ್ತದೆ. ಭಾರತ 2007ರ ಅಕ್ಟೋಬರ್ 1ರಂದು ಅದನ್ನು ಅಂಗೀಕರಿಸಿತು. ಅಲ್ಲಿ ಅಕ್ಕಪಕ್ಕ ಇದ್ದ ಎರಡು ಮಾತುಗಳನ್ನು ನಾವು ಇಲ್ಲಿ ಒಟ್ಟಿಗೆ ಓದಲೇ ಇಲ್ಲ.

ನಡೆಯಲಾಗದವರಿಗೆ ಬೇಕಾದದ್ದು ಎಲ್ಲಕ್ಕಿಂತ ಸರಳ, ಆದರೂ ಎಲ್ಲಕ್ಕಿಂತ ಅಪರೂಪ: ಮೆಟ್ಟಿಲಿಲ್ಲದ ಬಾಗಿಲು, ಕೂತು ಬರೆಯುವಷ್ಟು ಎತ್ತರದ ಹಲಗೆ, ಬಳಸಬಲ್ಲ ಶೌಚಾಲಯ. ಕೊನೆಯದನ್ನು ಹೆಂಗಸರ ಕಡೆಯಿಂದ ಯೋಚಿಸಬೇಕು. ಶೌಚಾಲಯಕ್ಕೆ ಹೋಗಲಾಗದೆ ಮಧ್ಯಾಹ್ನದಿಂದ ನೀರು ಕುಡಿಯದೆ ಇರುವುದು ಅಂಗವಿಕಲ ಹೆಂಗಸರಿಗೆ ದಿನದ ಲೆಕ್ಕಾಚಾರ. ಕಟ್ಟಡಗಳ ಸುಗಮ್ಯತೆ ಕೇವಲ ಸಲಹೆಯಲ್ಲ, ಕಡ್ಡಾಯ ಮಾನದಂಡಗಳನ್ನು ರೂಪಿಸಿ ಎಂದು ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟು ಆದೇಶಿಸಿದೆ. ವಯಸ್ಕರ ತರಗತಿಗೆ ಸ್ವಂತ ಕಟ್ಟಡವಿಲ್ಲ, ಅದು ಎರವಲು ಜಾಗದಲ್ಲಿ ನಡೆಯುತ್ತದೆ. ಆದ್ದರಿಂದ ಶಾಲೆ, ಪಂಚಾಯಿತಿ ಕಚೇರಿ, ಗ್ರಂಥಾಲಯ ಇವು ಸರಿಯಾದರೆ ಮಾತ್ರ ಇದೂ ಸರಿಯಾದೀತು.

ಇದೆಲ್ಲ ಆಗುವ ಮಾತೇ ಎಂದು ಕೇಳುವವರಿಗೆ ಪಕ್ಕದ ಕೇರಳದ ಕೆ. ವಿ. ರಾಬಿಯಾ ಅವರ ಬದುಕು ಹೇಳಬೇಕು. ಮಲಪ್ಪುರಂ ಜಿಲ್ಲೆಯ ತಿರೂರಂಗಾಡಿ ಬಳಿಯ ವೆಳ್ಳಿಲಕ್ಕಾಡು ಅವರ ಊರು. ಹದಿಹರೆಯದಲ್ಲಿ ಪೋಲಿಯೊ ಕಾಲುಗಳನ್ನು ಕಿತ್ತುಕೊಂಡಿತು, ಕಾಲೇಜು ಅರ್ಧಕ್ಕೆ ನಿಂತಿತು. 1990ರ ಜೂನಿನಲ್ಲಿ, ಸಾಕ್ಷರತಾ ಆಂದೋಲನದ ಬಿಸಿಯಲ್ಲಿ, ತಮ್ಮ ಊರಿನ ಎಲ್ಲ ವಯಸ್ಸಿನ ಅನಕ್ಷರಸ್ಥರಿಗೆ ತರಗತಿ ಶುರುಮಾಡಿದರು. ಗಾಲಿಕುರ್ಚಿಯಿಂದಲೇ ಪಾಠ. ಅಜ್ಜಿಯಂದಿರು, ಮೊಮ್ಮಕ್ಕಳು ಒಟ್ಟಿಗೆ ಕೂತರು. ತರಗತಿ ನೋಡಲು ಬಂದ ಅಧಿಕಾರಿಗಳ ಮುಂದೆ ರಾಬಿಯಾ ಕೇಳಿದ್ದು ಊರಿಗೆ ರಸ್ತೆ, ಕರೆಂಟು, ನೀರು, ದೂರವಾಣಿ. ರಸ್ತೆ ಬಂತು, ಅದಕ್ಕೆ ಅಕ್ಷರ ರಸ್ತೆ ಎಂದೇ ಹೆಸರಾಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು, 2025ರ ಮೇ ತಿಂಗಳಲ್ಲಿ ತೀರಿಕೊಂಡರು. ಅವರನ್ನು ಪವಾಡವೆಂದು ಹೊಗಳುವವರು ಬಹಳ. ನಾನು ಆ ರಸ್ತೆಯನ್ನು ನೋಡಿ ಎನ್ನುತ್ತೇನೆ. ಗಾಲಿಕುರ್ಚಿಯ ಶಿಕ್ಷಕಿಗೆ ಬೇಕಾದ ರಸ್ತೆ ಬಸುರಿಗೂ ಬೇಕಿತ್ತು, ಮುದುಕರಿಗೂ ಬೇಕಿತ್ತು, ಕೇಳುವ ಗಟ್ಟಿತನ ಮಾತ್ರ ಆ ಶಿಕ್ಷಕಿಗೆ ಇತ್ತು. ಪ್ರತಿ ಊರೂ ಒಬ್ಬ ರಾಬಿಯಾ ಹುಟ್ಟಲಿ ಎಂದು ಕಾಯಬೇಕಿಲ್ಲ. ಮೊದಲೇ ರಸ್ತೆ ಮಾಡಿದರೆ ಸಾಧಾರಣ ಧೈರ್ಯದ ಅಂಗವಿಕಲರೂ ಕಲಿಸಬಲ್ಲರು.

ನಮ್ಮ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಇದು ಮೊದಲಿನಿಂದಲೂ ಸಹಜ ಸಂಗತಿ. ಪಂಚಾಕ್ಷರಿ ಗವಾಯಿಗಳಿಗೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ, ಅಲ್ಲಿ ಕಲಿತು ಕಲಿಸಿದ ಎಷ್ಟೋ ಜನಕ್ಕೆ ಇರಲಿಲ್ಲ. ಸಂಸ್ಥೆಯನ್ನೇ ಅಂಧ ಗುರುವಿನ ಅಳತೆಗೆ ಕಟ್ಟಿದ್ದರಿಂದ, ಕಣ್ಣಿಲ್ಲದಿರುವುದು ಅಲ್ಲಿ ಕೆಲಸಕ್ಕೆ ಅಡ್ಡಿಯಾಗಲಿಲ್ಲ. ಸಂಗೀತಕ್ಕೆ ಸಾಧ್ಯವಾದದ್ದು ಅಕ್ಷರಕ್ಕೂ ಸಾಧ್ಯ.

ಸರ್ಕಾರದ ಒಳಗೂ ಇದಕ್ಕೆ ಹತ್ತಿರದ ಪಡೆಯೊಂದು ಈಗಾಗಲೇ ಇದೆ. ಗ್ರಾಮ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ, ನಗರಗಳಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು. ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಈ ಕಾರ್ಯಕರ್ತರು ಸ್ವತಃ ವಿಕಲಚೇತನರು. ಗುಬ್ಬಿ, ಕುಣಿಗಲ್ ತಾಲ್ಲೂಕಿನ ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ, ಯಾರಿಗೆ ಮಾಸಾಶನ ನಿಂತಿದೆ, ಯಾರ ಅಂಗವೈಕಲ್ಯ ಗುರುತಿನ ಕಾರ್ಡು (ಯುಡಿಐಡಿ) ಬಂದಿಲ್ಲ ಎಂಬುದು ಅವರಿಗೆ ಬಾಯಿಪಾಠ. ಯಾರಿಗೆ ಸಹಿ ಹಾಕಲು ಬಾರದು ಎಂಬುದೂ ಗೊತ್ತು. ಸಾಕ್ಷರತೆಗೆ ಇವರನ್ನೇ ಬಳಸಿಕೊಳ್ಳೋಣ ಎಂಬ ಯೋಚನೆ ಥಟ್ಟನೆ ಹೊಳೆಯುತ್ತದೆ. ಅಲ್ಲೇ ತಡೆಯಬೇಕು. ಇವರೂ ಗೌರವಧನದವರೇ. ಸೇವೆ ಖಾಯಂ ಮಾಡಿ ಎಂದು ವರ್ಷಗಳಿಂದ ಬೇಡಿಕೆ ಇಟ್ಟವರು. ಇನ್ನೊಂದು ಇಲಾಖೆಯ ಇನ್ನೊಂದು ಹೊರೆಯನ್ನು ಪುಕ್ಕಟೆ ಹೊರಿಸುವುದು ಅನ್ಯಾಯ. ಪಾಠಕ್ಕೆ ಪ್ರತ್ಯೇಕ ಸಂಬಳ, ಪ್ರತ್ಯೇಕ ತರಬೇತಿ ಕೊಡುವುದಾದರೆ ಮಾತ್ರ ಇದು ಒಳ್ಳೆಯ ದಾರಿ.

ಸಂಬಳದ ಮಾತೆತ್ತಿದರೆ, ಸೇವಾಭಾವ ಹಾಳಾಗುತ್ತದೆ ಎನ್ನುವವರಿದ್ದಾರೆ. ತೊಂಬತ್ತರ ದಶಕದ ಆಂದೋಲನ ಕಂಡವರ ಈ ಮಾತಿನಲ್ಲಿ ಪ್ರಾಮಾಣಿಕತೆ ಇದೆ, ಆ ಹುರುಪು ನಿಜವಾದದ್ದೇ. ಆದರೆ ಪುಕ್ಕಟೆ ದುಡಿಯಲು ಯಾರಿಗೆ ಸಾಧ್ಯ? ಮನೆಯಲ್ಲಿ ಬೇರೆ ಆದಾಯ ಇದ್ದವರಿಗೆ. ಓಡಾಟಕ್ಕೆ, ಔಷಧಕ್ಕೆ, ಸಹಾಯಕರಿಗೆ ದಿನವೂ ಹಣ ತೆರುವ ಅಂಗವಿಕಲರಿಗೆ ಅದು ಬಹಳ ದುಬಾರಿ ಸೇವೆ. ಉಲ್ಲಾಸ್‌ಗೆ ಐದು ವರ್ಷಕ್ಕೆ ಇಟ್ಟ ಒಟ್ಟು ಮೊತ್ತ 1,037.90 ಕೋಟಿ ರೂಪಾಯಿ, ಗುರಿ ಐದು ಕೋಟಿ ಕಲಿಕಾರ್ಥಿಗಳು. ತಲೆಗೆ ಇನ್ನೂರ ಎಂಟು ರೂಪಾಯಿ. ಇಷ್ಟರಲ್ಲಿ ಪುಸ್ತಕ, ಪರೀಕ್ಷೆ, ಆಡಳಿತ ಎಲ್ಲ ಆಗಬೇಕಾದಾಗ ಕಲಿಸುವವರ ಕೈಗೆ ಏನೂ ಉಳಿಯದಿರುವುದು ಆಶ್ಚರ್ಯವಲ್ಲ. ಯೋಜನೆಯ ಲೆಕ್ಕದಲ್ಲಿ ಅವರ ಸಾಲೇ ಇಲ್ಲ.

ಜಿಲ್ಲೆಯ ಮಟ್ಟದಲ್ಲಿ ಆಗಬಹುದಾದದ್ದೂ ಉಂಟು, ಹೊಸ ಕಾನೂನು ಬೇಡ. ಸ್ಥಳೀಯ ಸಂಸ್ಥೆಗಳು ತಮ್ಮ ಸ್ವಂತ ಸಂಪನ್ಮೂಲದಲ್ಲಿ ಶೇ 5ನ್ನು ಅಂಗವಿಕಲರಿಗಾಗಿ ತೆಗೆದಿಡಬೇಕೆಂಬ ನಿಯಮ ಇದೆ. ಪಾಲಿಕೆಯೂ ಪಂಚಾಯಿತಿಗಳೂ ಆ ಹಣದಿಂದ ಅಂಗವಿಕಲ ಬೋಧಕರಿಗೆ ಓಡಾಟದ ಭತ್ಯೆ ಕೊಡಬಹುದು, ತರಗತಿ ನಡೆಯುವ ಜಾಗಕ್ಕೆ ಇಳಿಜಾರು ಕಟ್ಟಬಹುದು. 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದು ಅರಿವು ಕೇಂದ್ರಗಳೆಂದು ಹೆಸರಾದ ಪಂಚಾಯಿತಿ ಗ್ರಂಥಾಲಯಗಳು ವಯಸ್ಕರ ತರಗತಿಗೆ ಹೇಳಿಮಾಡಿಸಿದ ಜಾಗ, ಅಲ್ಲಿ ಒಂದು ಕಂಪ್ಯೂಟರಿಗೆ ಎನ್‌ವಿಡಿಎ ಹಾಕಲು ಖರ್ಚೇ ಇಲ್ಲ. ಬೋಧಕರ ತರಬೇತಿಯನ್ನು ಮಹಡಿಯ ಸಭಾಂಗಣದಿಂದ ಕೆಳಗಿಳಿಸಲು ಸರ್ಕಾರಿ ಆದೇಶ ಬೇಕಿಲ್ಲ. ಪ್ರೈಮರಿನ ಬ್ರೈಲ್ ಪ್ರತಿ ಮಾತ್ರ ರಾಜ್ಯಮಟ್ಟದ ಕೆಲಸ, ಒಮ್ಮೆ ಮಾಡಿದರೆ ಮೂವತ್ತೊಂದು ಜಿಲ್ಲೆಗೂ ಆಗುತ್ತದೆ.

ಹುದ್ದೆಯ ವಿಷಯ ಮಾತ್ರ ದೆಹಲಿಯಲ್ಲೂ ಬೆಂಗಳೂರಿನಲ್ಲೂ ತೀರ್ಮಾನವಾಗಬೇಕು. ಉಲ್ಲಾಸ್‌ನ ಅವಧಿ 2027ಕ್ಕೆ ಮುಗಿಯುತ್ತದೆ, ಅದರ ನಂತರದ ಯೋಜನೆಯನ್ನು ಯಾರಾದರೂ ಬರೆಯಲೇಬೇಕು. ಪಂಚಾಯಿತಿಗೊಂದು, ನಗರದ ವಾರ್ಡಿಗೊಂದು ಸಂಬಳದ ಬೋಧಕ ಹುದ್ದೆ, ಅವುಗಳಲ್ಲಿ ಅಂಗವಿಕಲರ ಪಾಲು, ಓಡಾಟದ ಭತ್ಯೆ, ಸಹಾಯಕರ ಖರ್ಚು ಎಂಬ ನಾಲ್ಕು ಸಾಲುಗಳು ಅದರ ಆಯವ್ಯಯ ಪಟ್ಟಿಯಲ್ಲಿ ಸೇರಬೇಕು. ತುಮಕೂರಿನ ವಿಕಲಚೇತನರ ಸಂಘಗಳೂ ಹಳೆಯ ಪ್ರೇರಕರೂ ಈ ಬೇಡಿಕೆಯನ್ನು ಒಂದೇ ಮನವಿಯಲ್ಲಿ ಬರೆದು ಜಿಲ್ಲಾಧಿಕಾರಿಗೆ, ಸಂಸದರಿಗೆ, ಅಂಗವಿಕಲರ ಹಕ್ಕುಗಳ ರಾಜ್ಯ ಆಯುಕ್ತರಿಗೆ ಈಗಲೇ ಕೊಡಬೇಕು, ಯೋಜನೆ ಅಚ್ಚಾದ ಮೇಲಲ್ಲ.